ಪದ ಬೇಕು: ಡಿಸ್‌ಎಂಗೇಜ್‌ಮೆಂಟ್ (ನಾಳೆ ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ತಂತಾನೇ ಓಡುವ ಕಾರುಗಳ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರುಗಳನ್ನು ರಸ್ತೆಗಿಳಿಸಿ ಪರೀಕ್ಷಿಸುವ ಕಂಪನಿಗಳು ಅಲ್ಲಿನ ಮೋಟಾರು ವಾಹನ ಇಲಾಖೆಗೆ ಪ್ರತಿ ವರ್ಷ ‘ಡಿಸ್‌ಎಂಗೇಜ್‌ಮೆಂಟ್’ ಲೆಕ್ಕ ಕೊಡುತ್ತಾ ಬಂದಿವೆ. ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಸರಕಿನ ಲಾರಿ ಅಡ್ಡ ನಿಂತಿದೆ ಎಂದುಕೊಳ್ಳಿ. ದಾಟಬೇಕಾದರೆ ಎದುರಿನ ಲೇನಿಗೆ ನುಗ್ಗಬೇಕು. ಕಾರು ತಡವರಿಸುತ್ತದೆ. ಸೀಟಿನಲ್ಲಿ ಕೂತವನು ಸ್ಟೀರಿಂಗ್ ಹಿಡಿಯುತ್ತಾನೆ. ಇದು ಒಂದು ಡಿಸ್‌ಎಂಗೇಜ್‌ಮೆಂಟ್. ನನಗೆ ಹೊಳೆದದ್ದು ‘ವಿಮುಕ್ತಿ’. ಓದಿದರೆ ಕಾರು ಸನ್ಯಾಸ ತೆಗೆದುಕೊಂಡ ಹಾಗಿದೆ. ಕಾರಿಗೂ ಒಂದು ಹೆಸರು ಬೇಕು. ‘ಸ್ವಯಂಚಾಲಿತ’ ಎಂದರೆ ಆಟೋಮ್ಯಾಟಿಕ್ ಗೇರ್ ಎಂದುಕೊಳ್ಳುತ್ತಾರೆ, ಅಲ್ವಾ?

ಮರು:
ತಾನೋಡುಬಂಡಿ. ತಾನ್ + ಓಡು + ಬಂಡಿ, ಮೂರೂ ನಮ್ಮವೇ. ತಮಿಳಿನ ‘ವಂಡಿ’ ನೋಡಿ. ‘ಚಾಲಕ’ ಎಂದಿರೋ, ಸಂಸ್ಕೃತದ ಬಾಲ ಹಿಡಿದಿರಿ. ಡಿಸ್‌ಎಂಗೇಜ್‌ಮೆಂಟ್‌ಗೆ ‘ಬಿಡುಪು’ ಸಾಕು.

ಮರು:
ಮೇಷ್ಟ್ರೇ, ನಿಮ್ಮ ಪದವನ್ನು ಮಗಳ ಕೈಯಲ್ಲಿ ಓದಿಸಿದೆ. ‘ತಾ, ನೋಡು ಬಂಡಿ’ ಎಂದು ಓದಿದಳು. ಅಲ್ಲಿಗೆ ಮುಗಿಯಿತು. ‘ಚಾಲಕರಹಿತ’ ಹಾಕಿ. ಪತ್ರಿಕೆಗಳಲ್ಲಿ ಚಾಲಕರಹಿತ ಮೆಟ್ರೋ ಬಂದು ಎಲ್ಲರಿಗೂ ರೂಢಿಯಾಗಿದೆ.

ಮರು:
ಚಾಲಕರಹಿತ ಎಲ್ಲ ಕಡೆ ಆಗುವುದಿಲ್ಲ. 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪಿಯಲ್ಲಿ ಊಬರ್‌ನ ಪರೀಕ್ಷಾ ಕಾರು ಗುದ್ದಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸು ತೀರಿಕೊಂಡರು. ಆ ಕಾರಿನಲ್ಲಿ ಚಾಲಕಿ ಇದ್ದರು. ಚಾಲಕಿ ಇದ್ದೂ ರಹಿತವೇ? 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೊಂದು ಕಾರು ಗುದ್ದಿದ ಹೆಂಗಸು ಕ್ರೂಸ್ ಎಂಬ ಕಂಪನಿಯ ಇಂಥ ಕಾರಿನ ಮುಂದೆ ಬಿದ್ದರು. ಕ್ರೂಸ್ ಕಾರು ನಿಂತಿತು. ಆಮೇಲೆ ಪಕ್ಕಕ್ಕೆ ಸರಿಯಲು ಹೊರಟು ಅವರನ್ನು ಸುಮಾರು 20 ಅಡಿ ಎಳೆದೊಯ್ದಿತು. ಅದರಲ್ಲಿ ಯಾರೂ ಇರಲಿಲ್ಲ. ಅದನ್ನು ಚಾಲಕರಹಿತ ಎನ್ನಿ, ಒಪ್ಪುತ್ತೇನೆ.

‘ಓಡುವ’ ಎನ್ನುವುದೂ ಸಾಲದು. ಓಡುವುದು ಎಲ್ಲ ಕಾರಿನ ಕೆಲಸ. ಇಲ್ಲಿ ಹೊಸದು ‘ಓಡಿಸು’. ‘ತನ್ನನ್ನು ತಾನೇ ಓಡಿಸಿಕೊಳ್ಳುವ ಕಾರು’ ಎನ್ನಿ. ಉದ್ದವಾಯಿತು, ಇರಲಿ.

ಇನ್ನು ಮುಖ್ಯ ಪದ. ನಾನು ಕಾರು ಕಲಿಯುವಾಗ ಗುರುಗಳು ಪಕ್ಕದಲ್ಲಿ ಕೂರುತ್ತಿದ್ದರು. ಅವರ ಕಾಲ ಕೆಳಗೂ ಒಂದು ಬ್ರೇಕ್. ಮಾರ್ಕೆಟ್ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು, ನಾನು ಹಾರ್ನ್ ಹುಡುಕುತ್ತಿದ್ದೆ. ‘ಬಿಡಪ್ಪಾ, ಕೈ ಬಿಡು!’ ಎಂದು ಬ್ರೇಕ್ ಒತ್ತಿ, ಸ್ಟೀರಿಂಗ್ ಎಳೆದುಕೊಂಡರು. ಕ್ಯಾಲಿಫೋರ್ನಿಯಾದವರು ಲೆಕ್ಕ ಇಡುವುದು ಇದನ್ನೇ. ಯಂತ್ರವೇ ಸೋತು ಬಿಟ್ಟರೂ ಒಂದು, ಮನುಷ್ಯ ಕಿತ್ತುಕೊಂಡರೂ ಒಂದು. ‘ಬಿಡುಪು’ ಮೊದಲನೆಯದಕ್ಕೆ ಮಾತ್ರ ಹೊಂದುತ್ತದೆ. ಜಮೀನು ಕೈ ಬದಲಾಯಿತು ಎನ್ನುತ್ತೇವಲ್ಲ, ಹಾಗೆ ‘ಕೈಬದಲು’ ಎನ್ನಿ. ‘ಕೈಕೊಡು’ ಕಡೆಗೆ ಮಾತ್ರ ಹೋಗಬೇಡಿ, ಕಾರು ಕೆಟ್ಟು ನಿಂತಿತು ಎಂದಾಗುತ್ತದೆ.

ಮರು:
‘ಬದಲು’ ಅರಬ್ಬಿ. ‘ಕೈಮಾರ್ಪು’ ಎನ್ನಬಹುದು.

ಮರು:
ರಸ್ತೆ, ಕಾಗದ, ಜಮೀನು, ವಕೀಲ ಇವೆಲ್ಲ ಎಲ್ಲಿಂದ ಬಂದವು ಮೇಷ್ಟ್ರೇ? ಇವನ್ನೆಲ್ಲ ವಾಪಸ್ ಕಳಿಸಿ ಆಮೇಲೆ ಬನ್ನಿ. ನನ್ನ ಆಕ್ಷೇಪವೇ ಬೇರೆ. ನಮ್ಮ ಪತ್ರಿಕೆಗಳಲ್ಲಿ ‘ಕೈ’ ಎಂದರೆ ಕಾಂಗ್ರೆಸ್. ತಲೆಬರಹದಲ್ಲಿ ‘ಕೈಬದಲು’ ಕಂಡರೆ ಯಾವ ಶಾಸಕ ಹಾರಿದ ಎಂದು ಕೇಳುತ್ತಾರೆ.

ಮರು:
‘ವಾಪಸ್’ ಕೂಡ ಅಲ್ಲಿಯದೇ. ಅದನ್ನೂ ಕಳಿಸಿಬಿಡಿ.

ಮರು:
ದಯವಿಟ್ಟು ಜಗಳ ಸಾಕು, ನಾನು ಕಳಿಸಬೇಕು. ತಲೆಬರಹದಲ್ಲಿ ಹಾಕುವುದಿಲ್ಲ. ಒಳಗೆ ಹೀಗೆ ಬರೆದಿದ್ದೇನೆ: ‘ಲಾರಿಯ ಹಿಂದೆ ಕಾರು ಅನುಮಾನಿಸಿತು. ಸೀಟಿನಲ್ಲಿದ್ದವನು ಸ್ಟೀರಿಂಗ್ ಹಿಡಿದ. ವರದಿಗೆ ಇನ್ನೊಂದು ಕೈಬದಲು ಸೇರಿತು.’ ಎಲ್ಲರಿಗೂ ಥ್ಯಾಂಕ್ಸ್.

ಮರು:
‘ಸ್ಟೀರಿಂಗ್’ ಹಾಗೇ ಬಿಟ್ಟಿದ್ದೀರಲ್ಲ?