ಪೋರ್ಟಲ್ ಬೇಕೋ, ಸಾದಾ ಆಕ್ಸಲ್ ಸಾಕೋ? ಪುಣೆಯ ಕರಿಬಂಡೆಗೆ ಸ್ಪರ್ಧೆಯ ಕ್ರಾಲರ್ (ಬಂಡೆ ಹತ್ತುವ ರಿಮೋಟ್ ಆಟದ ಗಾಡಿ) ಕಟ್ಟಿದವರು ಹೇಳಿ

ಕೋಥ್ರೂಡ್ ಕನ್ನಡಿಗ:
ಸೆಕೆಂಡ್ ಹ್ಯಾಂಡ್ ಎಸ್‌ಸಿಎಕ್ಸ್10-2 ರೋಲರ್ ಸಿಕ್ಕಿದೆ. ಚಾಸಿ, ಎಆರ್44 ಎಂಬ ಸಾದಾ ಆಕ್ಸಲ್, ಟ್ರಾನ್ಸ್‌ಮಿಷನ್, ಶಾಕ್ ಅಷ್ಟೇ. ಮೋಟರ್, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಡಬ್ಬಿ), ಸರ್ವೊ (ಸ್ಟೀರಿಂಗ್ ತಿರುಗಿಸುವ ಮೋಟರ್), ರೇಡಿಯೊ ಏನೂ ಇಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ಗೆಳೆಯರ ಬಳಗದ ಗೇಟ್ ಸ್ಪರ್ಧೆ (ಜೋಡಿ ಕಡ್ಡಿಗಳ ನಡುವೆ ದಾಟಿಸುವುದು) ಇದೆ. 1.9 ಇಂಚು ಚಕ್ರದ ವರ್ಗ, ರಿವರ್ಸ್ ತಗೊಂಡರೆ 1 ಅಂಕ, ಗೇಟ್ ಕಡ್ಡಿ ಮುಟ್ಟಿದರೆ 10, ಕಡಿಮೆ ಅಂಕದವರು ಗೆದ್ದರು. ಬಂಡೆ ವೇತಾಳ ಟೇಕಡಿಯ ಹಳೇ ಕ್ವಾರಿಯಂಥದ್ದು, ಕರಿಕಲ್ಲು. ಕೈಯಲ್ಲಿ 35 ಸಾವಿರ ಇದೆ. ಇದನ್ನೇ ಬೆಳೆಸಲೋ, ಮಾರಿ ಪೋರ್ಟಲ್ (ಚಕ್ರದ ಬುಡದಲ್ಲಿ ಗೇರ್ ಇಟ್ಟು ಆಕ್ಸಲನ್ನು ಎತ್ತರಿಸುವ ವ್ಯವಸ್ಥೆ) ಇರುವ ಟಿಆರ್‌ಎಕ್ಸ್-4 ಕಡೆ ಹೋಗಲೋ? ಬ್ರಷ್ಡ್ ಮೋಟರ್ ಸಾಕೋ, ಫ್ಯೂಷನ್ (ಇಎಸ್‌ಸಿ ಒಳಗೇ ಇರುವ ಬ್ರಷ್ ಇಲ್ಲದ ಮೋಟರ್) ಬೇಕೋ?

ಮಾಟುಂಗಾ ಮಾಣಿ:
ಪೋರ್ಟಲ್ ಹಾಕಿ ಮಾರಾಯ್ರೆ, ಎರಡನೇ ಮಾತು ಬೇಡ. ಪೋರ್ಟಲಿನಲ್ಲಿ ಕೊನೆಯ ಗೇರ್ ಇಳಿತ ಚಕ್ರದ ಬುಡದಲ್ಲೇ ಆಗ್ತದೆ. ಹಾಗಾಗಿ ಡ್ರೈವ್‌ಶಾಫ್ಟ್ ಜೋರಾಗಿ ತಿರುಗಿದರೂ ಅದರ ಮೇಲೆ ಬೀಳುವ ಟಾರ್ಕ್ (ತಿರುಚುವ ಬಲ) ಕಡಿಮೆ, ಥ್ರಾಟಲ್ ಒತ್ತಿದ ಕೂಡಲೇ ಚಾಸಿ ಒಂದು ಮಗ್ಗುಲಿಗೆ ವಾಲುವ ಚಾಳಿ ಹೆಚ್ಚುಕಡಿಮೆ ಇಲ್ಲ. ಸಾದಾ ಆಕ್ಸಲಿನ ಗಾಡಿಯನ್ನು ಕಡಿದಾದ ಬಂಡೆಗೆ ಮೂತಿ ಕೊಟ್ಟು ಒತ್ತಿ ನೋಡಿ, ಮುಂದಿನ ಒಂದು ಚಕ್ರ ಗಾಳಿಯಲ್ಲಿ ಇರ್ತದೆ. ಆಕ್ಸಲ್ ನಡುವಿನ ಡಿಫ್‌ನ (ಗೇರ್ ಪೆಟ್ಟಿಗೆಯ) ಉಬ್ಬು ಕಲ್ಲಿಗೆ ಸಿಕ್ಕಿಹಾಕಿಕೊಳ್ಳುವ ಕಾಟವೂ ಇಲ್ಲ.

ಖರ್ಚು ಉಂಟು, ಅಡಗಿಸುವುದಿಲ್ಲ. ಹಿತ್ತಾಳೆಯ ಪೋರ್ಟಲ್ ಕವರ್ ಮುಂದಿನ ಜೋಡಿಗೆ 3,400. ಬೇರಿಂಗ್‌ಗಳನ್ನು ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ ಹೆಕ್ಕಿದ್ದು, ರಬ್ಬರ್ ಸೀಲಿನವು, ಎರಡು ಆಕ್ಸಲಿಗೆ 1,250. ಹಳೆಯದನ್ನು ವರ್ನಿಯರಿನಲ್ಲಿ ಅಳೆದು ಬರೆದುಕೊಂಡೇ ಹೋಗಿ, ಅಂದಾಜಿಗೆ ಹೋದರೆ ಬಸ್ ಚಾರ್ಜು ದಂಡ. ಗ್ರೀಸ್ ತುಂಬಿಸಬೇಡಿ, ಹಲ್ಲುಗಳ ಮೇಲೆ ತೆಳುವಾಗಿ ಸವರಿದರೆ ಸಾಕು. ಪೆಟ್ಟಿಗೆ ತುಂಬ ತುಂಬಿಸಿದರೆ ಗೇರು ಅದನ್ನೇ ಕಡೆಯುತ್ತಾ ಮೋಟರ್ ಬಿಸಿ ಆಗ್ತದೆ. ನೀರಲ್ಲಿ ಇಳಿಸಿದ ದಿನವೇ ಪೆಟ್ಟಿಗೆ ಬಿಚ್ಚಬೇಕು. ಬಿಚ್ಚದಿದ್ದರೆ ಬೇರಿಂಗ್ ತುಕ್ಕು ಹಿಡಿದು ಸಡಿಲ ಆಗ್ತದೆ, ಸಡಿಲಾದ ಗೇರು ಪಕ್ಕದ ಗೇರಿನ ಹಲ್ಲು ತಿನ್ನುತ್ತದೆ. ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ, ಹಳೆಯ ಹರಿಗೆ 'ಟಕ್' ಎಂದು ಕೂತ ಮೇಲೆ ಬಿಗಿ ಮಾಡಿ. ಪವರ್ ಸ್ಕ್ರೂಡ್ರೈವರ್ ಬೇಡ.

ಭೋಸರಿ ಫಿಟ್ಟರ್:
ಪೋರ್ಟಲ್ ಪೋರ್ಟಲ್ ಅಂತ ಕುಣೀಬ್ಯಾಡ್ರಿ. ಪೋರ್ಟಲ್ ಗಾಡಿನ ಮ್ಯಾಲ ಎತ್ತತೈತಿ, ಆಮ್ಯಾಲ ನೀವ ಹಿತ್ತಾಳಿ ತುಂಬಿ ಕೆಳಗ ಎಳೀತೀರಿ. ಎರಡೂ ಕಡೆ ರೊಕ್ಕ. ಭಾರ ಕೆಳಗ ಇದ್ದರ ಸಾದಾ ಆಕ್ಸಲ್ ಗಾಡಿನೂ ಗೋಡಿ ಹತ್ತತೈತಿ.

ಚಾಸಿಯ ಸೈಡ್ ಪ್ಲೇಟ್ ಹೊರಗಿಂದ ತರಿಸೂದು ಬ್ಯಾಡ. 3 ಎಂಎಂ ಗ್ಲಾಸ್ ಎಪಾಕ್ಸಿ ಶೀಟ್ ತಗೋರಿ, ಟ್ರಾನ್ಸ್‌ಫಾರ್ಮರ್ ಇನ್ಸುಲೇಷನ್ ಮಾರೋರ ಕಡೆ ತುಂಡಿನ ಲೆಕ್ಕದಾಗ ಸಿಗತೈತಿ. ಲೇಸರ್‌ಗೆ ಕೊಡಬ್ಯಾಡ್ರಿ, ಅಂಚು ಸುಟ್ಟು ಪದರ ಬಿಡತೈತಿ. ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸೂ ಕೊಯ್ಯೂ ಮಷಿನ್) ಆಗಬೇಕು, ಧೂಳಿಗೆ ಮಾಸ್ಕ್ ಆಗಬೇಕು. ಎರಡು ಪ್ಲೇಟ್ ಕಟಿಂಗ್ 900, ಶೀಟ್ 650. ಅಲ್ಯುಮಿನಿಯಂ ಬೇಕಂದ್ರ ಸಪಾಟ ಪ್ಲೇಟಿಗೆ 6061 ನಂಬರಿನ ಮಿಶ್ರಲೋಹ, ಮಡಿಸೂ ಭಾಗಕ್ಕ 5052. 6061-ಟಿ6 ಸಣ್ಣ ತ್ರಿಜ್ಯಕ್ಕ ಮಡಿಸಿದ್ರ ಅಂಚಿನ್ಯಾಗ ಸೀಳತೈತಿ. ಸ್ಕಿಡ್ (ಗಾಡಿ ಹೊಟ್ಟಿ ಕೆಳಗಿನ ತಟ್ಟಿ) 8 ಎಂಎಂ ಡೆಲ್ರಿನ್ ಪ್ಲಾಸ್ಟಿಕ್. ಅಲ್ಯುಮಿನಿಯಂ ಸ್ಕಿಡ್ ಕರಿಕಲ್ಲಿನ ಮ್ಯಾಲ ಕಚ್ಚತೈತಿ, ಡೆಲ್ರಿನ್ ಜಾರತೈತಿ. ಕೌಂಟರ್‌ಸಿಂಕ್ ಸ್ಕ್ರೂ ತಲಿ ಮೇಲ್ಮೈಕಿಂತ 1 ಎಂಎಂ ಒಳಗ ಕುಂದ್ರಲಿ, ಇಲ್ಲಂದ್ರ ಅದ ಕಲ್ಲಿಗೆ ಸಿಕ್ಕಿ ಗಾಡಿಗೆ ಬ್ರೇಕ್ ಹಾಕತೈತಿ.

ಲಿಂಕ್ (ಆಕ್ಸಲನ್ನ ಚಾಸಿಗೆ ಜೋಡಿಸೂ ಸಳಿ) 6 ಎಂಎಂ 304 ಸ್ಟೇನ್‌ಲೆಸ್ ರಾಡ್. ಎಂ3 ಟ್ಯಾಪಿಗೆ (ಸ್ಕ್ರೂ ಹರಿ ಕೊರಿಯೂ ಬಿಟ್) 2.5 ಎಂಎಂ ಡ್ರಿಲ್, 12 ಎಂಎಂ ಆಳ. 304 ತಿಕ್ಕಿದಷ್ಟೂ ಗಟ್ಟಿ ಆಗತೈತಿ, ಅದಕ್ಕ ಸ್ಪೀಡ್ ಕಡಿಮಿ, ಒತ್ತು ಜಾಸ್ತಿ, ಕಟಿಂಗ್ ಆಯಿಲ್ ತಪ್ಪಬಾರದು, ಬಿಟ್ ಕೋಬಾಲ್ಟ್ ಇರಲಿ. ಒಣಾ ಹಾಕಿದ್ರ ಟ್ಯಾಪ್ ಒಳಗ ಮುರೀತು, ಆ ರಾಡ್ ಗುಜರಿಗೆ ಹೋತು. ಕೆಳಗಿನ ಲಿಂಕ್ ಸ್ಟೀಲ್ ಆದ್ರ ಭಾರನೂ ಕೆಳಗ ಬರತೈತಿ, ಪುಕ್ಕಟಿ.

ಹಿಂದಿನ ಮ್ಯಾಲಿನ ಲಿಂಕಿಗೆ ಚಾಸಿ ಕಡೆ 5 ಎಂಎಂ ಅಂತರದಾಗ ಮೂರು ತೂತು ಹಾಕ್ರಿ. ಏರಿನ್ಯಾಗ ಹಿಂಭಾಗ ಕುಪ್ಪಳಸಾಕ ಹತ್ತಿದ್ರ ಆಂಟಿ-ಸ್ಕ್ವಾಟ್ (ಥ್ರಾಟಲ್ ಒತ್ತಿದಾಗ ಹಿಂಭಾಗ ಕುಸಿಯೂದನ್ನ ತಡಿಯೂ ಗುಣ) ಜಾಸ್ತಿ ಆಗೇತಿ ಅಂತ ಲೆಕ್ಕ. ಲಿಂಕ್ ಒಂದು ತೂತು ಮ್ಯಾಲ ಏರಸ್ರಿ, ಇಳೀತೈತಿ. ಶಾಕ್ 90 ಎಂಎಂ, 30 ವೇಟ್ ಎಣ್ಣಿ, ಗಾಡಿ ನಿಂತಾಗ ಅರ್ಧ ಪಯಣದಾಗ ಕುಂದ್ರಬೇಕು. ಹಿಂದಿನ ಆಕ್ಸಲಿಗೆ 33/8 ಹಲ್ಲಿನ ಗೇರ್, ಮುಂದ 30/8 ಇಟ್ಟರ ಮುಂದಿನ ಚಕ್ರ 10% ಜೋರ ತಿರಗತಾವು. ತಿರುವು ಸಣ್ಣದಾಗತೈತಿ, ರಿವರ್ಸ್ ಅಂಕ ಅಲ್ಲೇ ಉಳೀತು.

ಮಾಟುಂಗಾ ಮಾಣಿ:
ಭೋಸರಿಯವರೇ, ನಿಮಗೆ ರೂಟರ್ ಪಕ್ಕದಲ್ಲೇ ಉಂಟು, ಟ್ಯಾಪ್ ಸೆಟ್ ಉಂಟು. ಮುಂಬೈಯ ಒಂದು ಕೋಣೆಯ ಮನೆಯಲ್ಲಿ 304 ರಾಡ್ ಎಲ್ಲಿ ಕೊರೆಯುವುದು, ಗ್ಯಾಸ್ ಕಟ್ಟೆಯ ಮೇಲೆಯಾ? ನಿಮ್ಮ 10%ಗೂ ಬೆಲೆ ಉಂಟು. ಒಣ ಕರಿಕಲ್ಲು ಚೆನ್ನಾಗಿ ಹಿಡಿಯುವಲ್ಲಿ ಮುಂದೆ ಹಿಂದೆ ಚಕ್ರ ಒಂದಕ್ಕೊಂದು ಜಗ್ಗಿ ಡ್ರೈವ್‌ಶಾಫ್ಟ್ ಪಿನ್ನು, ಡಿಫ್ ಗೇರು ಎಲ್ಲ ತಿಂದು ಹಾಕ್ತದೆ. ಅದನ್ನು ಯಾಕೆ ಬರೆಯಲಿಲ್ಲ?

ಭೋಸರಿ ಫಿಟ್ಟರ್:
ಬರೀಲಿಲ್ಲ, ಯಾಕಂದ್ರ 10%ಕ್ಕ ಯಾವುದೂ ಮುರಿಯೂದಿಲ್ಲ. 30% ಹಾಕ್ಕೊಂಡು ಪ್ಲಾಸ್ಟಿಕ್ ಶಾಫ್ಟ್ ಇಟ್ಟವರು ಅಳಲಿ. ಡ್ರಿಲ್ ಮಷಿನ್ ಇಲ್ಲದವರು ಕಸ್ಟಮ್ ಗಾಡಿ ಅನ್ನೂದ ಬ್ಯಾಡ, 'ಅಂಗಡಿ ಗಾಡಿ' ಅನ್ರಿ.

ವಾಸ್ಕೊ ಬಂಡೆ:
ಇಬ್ಬರೂ ಲೋಹದಲ್ಲೇ ಮುಳುಗಿದ್ದೀರಿ. ಕಲ್ಲಿಗೆ ತಾಗುವುದು ರಬ್ಬರು. ನಾನು ಹೇಳೋದು ಗೋವಾದ ಜಂಬಿಟ್ಟಿಗೆ ಕಲ್ಲಿನ ಲೆಕ್ಕ. ತೂತು ತೂತಾದ ಒರಟು ಕಲ್ಲು, ಹಿಡಿತ ಧಾರಾಳ, ಆದರೆ ಮೆದು ಟೈರನ್ನು ಅರದಂತೆ ತುರಿದು ಹಾಕುತ್ತದೆ. ಅದಕ್ಕೆ ಸ್ವಲ್ಪ ಗಟ್ಟಿ ರಬ್ಬರೇ ಲೇಸು. ಕರಿಕಲ್ಲಿಗೆ ಉಲ್ಟಾ: ಒಣಗಿದ್ದರೆ ಮೆದು ಟೈರ್ ಅಂಟಿಕೊಳ್ಳುತ್ತದೆ, ಪಾಚಿ ಇದ್ದರೆ ಯಾವ ರಬ್ಬರೂ ನಿಲ್ಲದು, ಬಂಡೆಯ ಅಂಚಿಗೆ ಟೈರಿನ ಪಕ್ಕೆಯನ್ನು ಒತ್ತಿ ಹತ್ತಿಸಬೇಕು.

ಟೈರಿಗೆ ದುಡ್ಡು ಸುರಿದು ಫೋಮ್ ಮರೆಯುವವರೇ ಜಾಸ್ತಿ. ಟೈರ್ ಜೊತೆ ಬರುವ ಒಂಟಿ ಪದರದ ಫೋಮ್ ಸ್ಪರ್ಧೆಗೆ ಸಾಲದು. ಒಳಗೆ ಗಟ್ಟಿ ಕ್ಲೋಸ್ಡ್ ಸೆಲ್ (ರಂಧ್ರ ಮುಚ್ಚಿದ) ಫೋಮ್, ಹೊರಗೆ ಮೆದು ಓಪನ್ ಸೆಲ್ (ರಂಧ್ರ ತೆರೆದ) ಫೋಮ್ ಬೇಕು. ಹೊರಗಿನದು ಕಲ್ಲಿನ ಆಕಾರಕ್ಕೆ ಬಗ್ಗುತ್ತದೆ, ಒಳಗಿನದು ಓರೆ ಏರಿನಲ್ಲಿ ಟೈರ್ ಮಡಚದಂತೆ ತಡೆಯುತ್ತದೆ. ನಾಲ್ಕಕ್ಕೆ 4,800 ಕೊಟ್ಟೆ, ಹೊಟ್ಟೆ ಉರಿದರೂ ಸರಿ. ಅಗ್ಗಕ್ಕೆ ಬೇಕಾದರೆ ಯೋಗ ಚಾಪೆಯ ಇವಿಎ ಪಟ್ಟಿ ಒಳಗಿನ ಪದರಕ್ಕೆ ನಡೆಯುತ್ತದೆ, ಜೋಡಣೆ ಜಾಗದಲ್ಲಿ ಓರೆ ಕೊಯ್ದು ಅಂಟಿಸಿ, ಇಲ್ಲದಿದ್ದರೆ ಚಕ್ರ ಒಂದೇ ಕಡೆ ಕುಪ್ಪಳಿಸುತ್ತದೆ. ಗಾಳಿತೂತು ಟೈರಿಗೆ ಹಾಕಬೇಡಿ, ರಿಮ್ಮಿಗೆ 2 ಎಂಎಂನದು ಎರಡು ಸಾಕು. ಬೀಡ್‌ಲಾಕ್ (ಟೈರನ್ನು ರಿಮ್ಮಿಗೆ ಕಚ್ಚಿಸುವ ಉಂಗುರ) ಸ್ಕ್ರೂಗಳನ್ನು ಸುತ್ತಲೂ ಸಾಲಾಗಿ ಬಿಗಿಯದೆ ಎದುರುಬದುರು ಬಿಗಿಯಿರಿ.

ತೂಕಕ್ಕೆ ಹಿತ್ತಾಳೆಯೇ ಬೇಕೆಂದಿಲ್ಲ. ಪಂಕ್ಚರ್ ಅಂಗಡಿಯ 5, 10 ಗ್ರಾಂ ಅಂಟಿಸುವ ವೀಲ್ ವೇಟ್ ಮುಂದಿನ ರಿಮ್ಮಿಗೆ 120 ಗ್ರಾಂ, ಹಿಂದೆ 30ಕ್ಕಿಂತ ಹೆಚ್ಚು ಬೇಡ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಅಂಟಿಸಿ, ಮೇಲೊಂದು ಸುತ್ತು ಅಲ್ಯುಮಿನಿಯಂ ಟೇಪು. ವಾಗಾತೋರ್ ಕಡೆಯ ಕಡಲ ಬಂಡೆಗಳಲ್ಲಿ ಆಡಿಸುವವರಿಗೆ ಇನ್ನೊಂದು ಮಾತು: ಅಂದೇ ಸಿಹಿನೀರಲ್ಲಿ ತೊಳೆದು, ಗಾಳಿ ಊದಿ, ಬೇರಿಂಗಿಗೆ ಎಣ್ಣೆ ಬಿಡದಿದ್ದರೆ ಉಪ್ಪು ಎಲ್ಲವನ್ನೂ ತಿನ್ನುತ್ತದೆ. ಸ್ಟೀಲ್ ಸ್ಕ್ರೂ ಅಲ್ಯುಮಿನಿಯಂ ಒಳಗೆ ಹಿಡಿದುಕೊಂಡರೆ ತಲೆ ಕಿತ್ತು ಬರುತ್ತದೆಯೇ ಹೊರತು ಸ್ಕ್ರೂ ಬರುವುದಿಲ್ಲ.

ಡೊಂಬಿವಲಿ ಲೋಕಲ್:
ಇಷ್ಟು ಜನ ಬರೆದರೂ ಬೆಕ್ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಸರ್ವೊ, ರಿಸೀವರಿಗೆ ಕೊಡುವ ಸರ್ಕ್ಯೂಟ್) ಬಗ್ಗೆ ಒಬ್ಬರೂ ಚಕಾರ ಎತ್ತಿಲ್ಲ. ಸ್ಪರ್ಧೆಯಲ್ಲಿ ಗಾಡಿ ನಿಲ್ಲುವುದು ಆಕ್ಸಲ್‌ನಿಂದ ಅಲ್ಲ, ವೋಲ್ಟೇಜ್ ಕುಸಿತದಿಂದ. 25-35 ಕೆಜಿ-ಸೆಂಮೀ ಟಾರ್ಕಿನ ಸರ್ವೊ ಎರಡು ಕಲ್ಲಿನ ನಡುವೆ ಚಕ್ರ ಸಿಕ್ಕಿಕೊಂಡಾಗ ಎಳೆಯುವ ಕರೆಂಟನ್ನು ಇಎಸ್‌ಸಿಯೊಳಗಿನ 3 ಆಂಪ್‌ನ ಬೆಕ್ ಕೊಡಲಾರದು. ರಿಸೀವರ್ ಕ್ಷಣಕಾಲ ಸತ್ತು ಬದುಕುತ್ತದೆ, ಅಷ್ಟರಲ್ಲಿ ಗಾಡಿ ಹಿಂದಕ್ಕೆ ಉರುಳಿ ಕಡ್ಡಿ ಮುಟ್ಟಿರುತ್ತದೆ. ಸೀದಾ 10 ಅಂಕ.

ಬೇರೆ 10 ಆಂಪ್ ಬೆಕ್ ಬ್ಯಾಟರಿಯಿಂದಲೇ ಎಳೆಯಿರಿ. ಸರ್ವೊ 7.4 ವೋಲ್ಟಿಗೆ ಒಪ್ಪಿದರೆ 7.4ಕ್ಕೆ ಸೆಟ್ ಮಾಡಿ, ರಿಸೀವರ್‌ಗೆ ಚುಚ್ಚುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡಿ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ 16 ವೋಲ್ಟಿನ 3300 ಮೈಕ್ರೊಫ್ಯಾರಡ್ ಕೆಪಾಸಿಟರ್ 30 ರೂಪಾಯಿ, ರಿಸೀವರಿನ ಖಾಲಿ ಚಾನೆಲ್‌ಗೆ ಹಾಕಿ, ಪ್ಲಸ್ ಮೈನಸ್ ನೋಡಿಕೊಂಡು. ಸರ್ವೊ ಆರ್ಮ್ 25 ಹಲ್ಲಿನ ಅಲ್ಯುಮಿನಿಯಂ. ಪೂರ್ತಿ ತಿರುವಿನಲ್ಲಿ ನಕಲ್ (ಮುಂದಿನ ಚಕ್ರ ತಿರುಗುವ ಕೀಲು) ತಡೆಗೆ ತಾಗುವ ಮೊದಲೇ ಸರ್ವೊ ನಿಲ್ಲುವಂತೆ ರೇಡಿಯೊದಲ್ಲಿ ಎಂಡ್‌ಪಾಯಿಂಟ್ ಇಳಿಸಿ, ಇಲ್ಲವಾದರೆ ಅದು ಅಲ್ಲೇ ಗುಂಯ್‌ಗುಟ್ಟುತ್ತಾ ಸುಡುತ್ತದೆ. ರಿಸೀವರಿನಲ್ಲಿ ಜೈರೊ (ತಾನೇ ಸ್ಟೀರಿಂಗ್ ತಿದ್ದುವ ಸೆನ್ಸರ್) ಇದ್ದರೆ ಆಫ್ ಮಾಡಿ.

ಇನ್ನು ಮೋಟರ್. ಸ್ಪರ್ ಗೇರ್ 56 ಹಲ್ಲು, ಮೋಟರಿನ ಪಿನಿಯನ್ ಗೇರ್ 12, ಟ್ರಾನ್ಸ್‌ಮಿಷನ್ 2.6, ಆಕ್ಸಲ್ 3.75 ಅಂತಿಟ್ಟುಕೊಳ್ಳಿ, ಒಟ್ಟು ಗೇರ್ ಇಳಿತ 45.5. 1200 ಕೆವಿಯ (ವೋಲ್ಟಿಗೆ ನಿಮಿಷಕ್ಕೆ 1200 ಸುತ್ತು) ಫ್ಯೂಷನ್ ಎಸ್‌ಇ, 3ಎಸ್ (ಮೂರು ಸೆಲ್) ಬ್ಯಾಟರಿಯ 11.1 ವೋಲ್ಟ್, 120 ಎಂಎಂ ಟೈರು: ಹೊರೆ ಇಲ್ಲದಾಗ ಗಂಟೆಗೆ 6.6 ಕಿಮೀ. 1800 ಕೆವಿ ಆದರೆ 9.9. ಗೇಟ್ ಬಂಡೆಗೆ 1200 ಸಾಕು. ಫ್ಯೂಷನ್ ತೆವಳಿದಂತೆ ಹೋಗುತ್ತದೆ, ಬ್ರಷ್ಡ್ ಮೋಟರಿನ ಜರ್ಕ್ ಇಲ್ಲ, ಇಳಿಜಾರಿನಲ್ಲಿ ಡ್ರ್ಯಾಗ್ ಬ್ರೇಕ್ (ಥ್ರಾಟಲ್ ಬಿಟ್ಟರೆ ಮೋಟರ್ ತಾನೇ ಹಿಡಿಯುವುದು) ಅಲ್ಲಾಡುವುದಿಲ್ಲ. 8,700 ಕೊಟ್ಟೆ, ಪೈಸೆಯೂ ದಂಡವಾಗಲಿಲ್ಲ.

ಭೋಸರಿ ಫಿಟ್ಟರ್:
ಫ್ಯೂಷನ್‌ನ್ಯಾಗ ಮೋಟರ್, ಇಎಸ್‌ಸಿ ಒಂದ ಡಬ್ಬಿ. ಒಂದು ಸತ್ತರ ಎರಡೂ ಸತ್ತಂಗ. ಕ್ವಿಕ್‌ರನ್ 1080 ಇಎಸ್‌ಸಿಗೆ 35 ಟರ್ನ್ ಬ್ರಷ್ಡ್ ಮೋಟರ್ ಹಾಕ್ರಿ, 6 ಸಾವಿರದಾಗ ಮುಗೀತು. ಪ್ರೋಗ್ರಾಂ ಕಾರ್ಡ್ (ಇಎಸ್‌ಸಿ ಸೆಟ್ ಮಾಡೂ ಸಾಧನ) ಹಚ್ಚಿ ಡ್ರ್ಯಾಗ್ ಬ್ರೇಕ್ ಪೂರ್ತಿ ಏರಿಸಿದ್ರ ಅದೂ ಗೋಡಿಗೆ ನಿಲ್ಲತೈತಿ. ಬ್ರಷ್ ಸವೆದ್ರ ಬ್ರಷ್ ಬದಲಸ್ರಿ, ಕಮ್ಯುಟೇಟರ್ (ಬ್ರಷ್ ಉಜ್ಜೂ ತಾಮ್ರದ ಭಾಗ) ಕರ್ರಗಾದ್ರ ಕ್ಲೀನರ್ ಹೊಡೀರಿ. ಚಾಕಣದ ಕಾರ್ಖಾನಿ ಕೆಲಸಗಾರರೂ ಊಟದ ಬಿಡುವಿನ್ಯಾಗ ಮಾಡ್ತಾರ.

ಡೊಂಬಿವಲಿ ಲೋಕಲ್:
ಬಿಚ್ಚುವ ಬ್ರಷ್ ಇರುವ ಮೋಟರ್ ತಗೊಂಡರೆ ಸರಿ. ಅಗ್ಗದ ಸೀಲ್ಡ್ ಡಬ್ಬಿಯಲ್ಲಿ ಬ್ರಷ್ ಎಲ್ಲಿ ಬದಲಿಸುತ್ತೀರಿ? 6 ಸಾವಿರದ ಲೆಕ್ಕದಲ್ಲಿ ಕಾರ್ಡ್ ಸೇರಿಸಿದ್ದೀರಾ? ನಾನು ಹೇಳಿದ ಹೊರಗಿನ ಬೆಕ್? ಸೇರಿಸಿ ಕೂಡಿಸಿ, ಆಮೇಲೆ ಮಾತಾಡೋಣ.

ಮಾಟುಂಗಾ ಮಾಣಿ:
ಇವರಿಬ್ಬರ ಜಗಳ ಮುಗಿಯುವಷ್ಟರಲ್ಲಿ ಸ್ಪರ್ಧೆ ಮುಗಿದಿರ್ತದೆ. ಟಿಆರ್‌ಎಕ್ಸ್-4 ಹೊರಗಿಂದ ತರಿಸಿ, ಎಲ್ಲ ಜೋಡಿಸಿಯೇ ಬರ್ತದೆ.

ಕಸ್ಟಮ್ಸ್ ಕಂಟಕ:
ತರಿಸಿ ನೋಡಿ. ಇಡೀ ಗಾಡಿ ಸುಂಕ ಪಟ್ಟಿಯ 9503ರ ಆಟಿಕೆ ಅಂತ ಬಂದರೆ ಮೂಲ ಸುಂಕ: 2020ರ ಬಜೆಟ್ಟಿನಲ್ಲಿ 20ರಿಂದ 60% ಮಾಡಿದರು, 2023ರಲ್ಲಿ 70%. ಮೇಲೆ ಸರ್‌ಚಾರ್ಜು, ಜಿಎಸ್‌ಟಿ. 2021ರ ಜನವರಿಯಿಂದ ಆಟಿಕೆಗೆ ಬಿಐಎಸ್ ಗುರುತು ಬೇರೆ ಕಡ್ಡಾಯ. ಡಬ್ಬದೊಳಗೆ 2.4 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರ್ ಇದ್ದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ಕೊಡುವ ಇಟಿಎ ಅನುಮತಿ ಎಲ್ಲಿ ಅಂತ ಕೇಳುತ್ತಾರೆ. ಅಲಿಎಕ್ಸ್‌ಪ್ರೆಸ್ 2020ರ ನವೆಂಬರ್‌ನಲ್ಲೇ ಭಾರತದಲ್ಲಿ ಬಂದ್ ಆಯಿತು. ರೋಲರ್ ಕೈಯಲ್ಲಿ ಇದ್ದವನಿಗೆ ಇಂಥ ಸಲಹೆ ಕೊಡುವುದಾ?

ಮಾಟುಂಗಾ ಮಾಣಿ:
ಇಲ್ಲಿನ ಹಾಬಿ ಅಂಗಡಿಯಲ್ಲೂ ಸಿಗ್ತದೆ ಸ್ವಾಮಿ, ಬಿಲ್ ಸಮೇತ. ನಿಮಗೆ ಸುಂಕ ಬಿಟ್ಟರೆ ಬೇರೆ ಎಂತದೂ ಗೊತ್ತಿಲ್ಲವಾ?

ಕಸ್ಟಮ್ಸ್ ಕಂಟಕ:
ಅಂಗಡಿಯವನು ಆ ಸುಂಕ ಯಾರ ತಲೆಗೆ ಕಟ್ಟುತ್ತಾನೆ? ಬಿಲ್ಲಿನ ಮೊತ್ತ ಇಲ್ಲಿ ಬರೆಯಿರಿ, ಎಲ್ಲರೂ ನೋಡಲಿ.

ಕೋಥ್ರೂಡ್ ಕನ್ನಡಿಗ:
ಪೋರ್ಟಲ್ ಆಸೆ ಬಿಟ್ಟೆ. ಎಆರ್44 ಆಕ್ಸಲ್ ಹಾಗೇ ಇಟ್ಟರೆ ಮೊದಲು ಏನು ನೋಡಬೇಕು? ಸಮತೋಲ ಹೇಗೆ ಅಳೆಯೋದು?

ಭೋಸರಿ ಫಿಟ್ಟರ್:
ಡ್ರೈವ್‌ಶಾಫ್ಟ್ ಬಿಚ್ಚಿ ಆಕ್ಸಲಿನ ಪಿನಿಯನ್ ಹಿಡಿದು ಹಿಂದ-ಮುಂದ ಅಲ್ಲಾಡಸ್ರಿ. ಆಡಿದ್ರ 0.1 ಅಥವಾ 0.2 ಎಂಎಂ ಶಿಮ್ (ತೆಳು ಉಂಗುರ) ಹಾಕ್ರಿ, ಬಿಗಿ ಆಗಿ ತಿರಗೂದು ಕಷ್ಟ ಆದ್ರ ಒಂದು ತಗೀರಿ. ಪ್ಲಾಸ್ಟಿಕ್ ಸಿ-ಹಬ್ (ನಕಲ್ ಹಿಡಿಯೂ ಭಾಗ), ನಕಲ್ ತಗದು ಮುಂದ ಅಷ್ಟ ಹಿತ್ತಾಳಿ, ಹಿಂದ ಬ್ಯಾಡ. ಲೋಹಕ್ಕ ಹೋಗೂ ಸ್ಕ್ರೂಗೆ ನೀಲಿ ಥ್ರೆಡ್‌ಲಾಕ್ ಅಂಟು ಒಂದು ಹನಿ, ಪ್ಲಾಸ್ಟಿಕ್ಕಿಗೆ ಹಚ್ಚಬ್ಯಾಡ್ರಿ, ಬಿರಕು ಬಿಡತೈತಿ.

ಸಮತೋಲಕ್ಕ ಎರಡು ಅಡಿಗಿಮನಿ ತಕ್ಕಡಿ, ಒಂದು ಮುಂದಿನ ಎರಡೂ ಚಕ್ರದ ಕೆಳಗ, ಒಂದು ಹಿಂದಿನ ಎರಡರ ಕೆಳಗ. ಬ್ಯಾಟರಿ, ಬಾಡಿ ಸಹಿತ 2.6 ಕೆಜಿ ಆದ್ರ ಮುಂದ 1.6 ಬರಬೇಕು. ಬರಲಿಲ್ಲ ಅಂದ್ರ ಮೊದಲ ಬ್ಯಾಟರಿ ಮುಂದ ಸರಸ್ರಿ, 3ಎಸ್ 1500 ಎಂಎಎಚ್ ಸಣ್ಣದ ಸಾಕು. ಆಮ್ಯಾಲ ಗಾಡಿನ ಹಲಗಿ ಮ್ಯಾಲ ಅಡ್ಡ ನಿಲ್ಲಿಸಿ ಒಂದು ಕಡೆ ಎತ್ತರಿ, ಮ್ಯಾಲಿನ ಎರಡೂ ಚಕ್ರ ಹಲಗಿ ಬಿಡೂ ಹೊತ್ತಿಗೆ ಮೊಬೈಲಿನ್ಯಾಗ ಕೋನ ನೋಡ್ರಿ. ಟೈರಿನ ಹೊರ ಅಂಚಿಂದ ನಡುವಿನ ತನಕ 115 ಎಂಎಂ, ಭಾರಕೇಂದ್ರ 100 ಎಂಎಂ ಎತ್ತರ ಇದ್ದರ ಲೆಕ್ಕಕ್ಕ 49 ಡಿಗ್ರಿ, 85ಕ್ಕ ಇಳಿಸಿದ್ರ 53.5. ಶಾಕ್ ವಾಲೂದರಿಂದ ನಿಜಕ್ಕ ಇದಕ್ಕಿಂತ ಕಡಿಮಿನ ಬರತೈತಿ. 45ರ ಕೆಳಗ ಬಂದ್ರ ಬಾಡಿಯೊಳಗಿನ ಸೀಟು, ಗೊಂಬಿ, ಲೈಟ್ ಕಿತ್ತು ಒಗೀರಿ.

ಡೊಂಬಿವಲಿ ಲೋಕಲ್:
ಹೊರಗಿನ ಬೆಕ್ ರಿಸೀವರಿಗೆ ಹಾಕುವಾಗ ಇಎಸ್‌ಸಿಯಿಂದ ಬರುವ ಮೂರು ವೈರಿನಲ್ಲಿ ನಡುವಿನ ಕೆಂಪನ್ನು ಪ್ಲಗ್‌ನಿಂದ ಹೊರಕ್ಕೆ ತೆಗೆದು ಟೇಪ್ ಸುತ್ತಿ. ಎರಡು ಬೆಕ್ ಒಂದೇ ಲೈನಿಗೆ ಬಂದರೆ ಒಂದು ಇನ್ನೊಂದನ್ನು ಸುಡುತ್ತದೆ. ಕೆಂಪು ಪಿನ್ನಿನ ಪ್ಲಾಸ್ಟಿಕ್ ನಾಲಿಗೆಯನ್ನು ಸೂಜಿಯಿಂದ ಎತ್ತಿದರೆ ವೈರ್ ಜಾರಿ ಬರುತ್ತದೆ, ಕತ್ತರಿಸಬೇಡಿ. ಫಿಟ್ಟರ್ ಸಾಹೇಬರು ಇನ್ನೂ ಕೂಡಿಸಿ ಹೇಳಿಲ್ಲ.

ಭೋಸರಿ ಫಿಟ್ಟರ್:
ಕಾರ್ಡ್ ಸೇರಿ 6,600, ಬೆಕ್ ಸೇರಿ 8,100. ನಿಮ್ಮ ಫ್ಯೂಷನ್ನಿಗೂ ಅದ ಬೆಕ್ 1,500 ಸೇರಸ್ರಿ, 10,200 ಆತು. ಈಗ ಹೇಳ್ರಿ.