25 ಜನರ ಆಫೀಸಿಗೆ ಡೆಸ್ಕ್ ಫೋನು, ಹೆಡ್‌ಸೆಟ್ಟು ಯಾವ್ದು ತಗೊಳ್ಳೋದು? ಬಳಸಿರೋರು ಹೇಳಿ

ಕೇಳ್ತಿರೋದು ದಾವಣಗೆರೆಯಿಂದ:
ನಮ್ದು ಸ್ಪೇರ್ ಪಾರ್ಟ್ಸ್ ಹೋಲ್‌ಸೇಲ್ ಆಫೀಸು. 25 ಜನ ಇದೀವಿ, ಅದರಲ್ಲಿ ಆರ್ಡರ್ ತಗೊಳ್ಳೋ 8 ಜನ ಇಡೀ ದಿನ ಫೋನಲ್ಲೇ ಇರ್ತಾರೆ. ಹಳೇ ಇಪಿಎಬಿಎಕ್ಸ್ (ಆಫೀಸೊಳಗಿನ ಫೋನ್ ಎಕ್ಸ್‌ಚೇಂಜ್ ಡಬ್ಬ) ಮಳೆಗಾಲ ಬಂದ್ರೆ ಕೈ ಕೊಡತ್ತೆ, ಅದರೊಳಗಿನ ಕಾರ್ಡ್ ಈಗ ಸಿಗಲ್ಲ ಅಂತಾರೆ. ನೆಟ್‌ವರ್ಕ್ ಕೇಬಲ್ ಮೇಲೆ ಓಡೋ ಐಪಿ ಫೋನಿಗೆ ಹೋಗೋಣ ಅಂತಿದೀವಿ. ಒಬ್ಬ ಡೀಲರ್ ಎಲ್ಲರ ಟೇಬಲ್ಲಿಗೂ ಕಲರ್ ಸ್ಕ್ರೀನ್ ಫೋನು, ಎಲ್ಲರಿಗೂ ಬ್ಲೂಟೂತ್ ಹೆಡ್‌ಸೆಟ್ಟು ಅಂತ ಕೊಟೇಶನ್ ಕೊಟ್ಟಿದಾರೆ. ಇನ್ನೊಬ್ರು ಫೋನೇ ಬೇಡ, ಮೊಬೈಲಲ್ಲಿ ಆ್ಯಪ್ ಹಾಕಿದ್ರೆ ಸಾಕು ಅಂತಾರೆ. ದುಡ್ಡು ಎಲ್ಲಿ ಹಾಕ್ಬೇಕು, ಎಲ್ಲಿ ಉಳಿಸ್ಬಹುದು ಹೇಳಿ.

ಶಿವಮೊಗ್ಗ, ಆಸ್ಪತ್ರೆ ಐಟಿ ನೋಡ್ಕೊಳ್ಳೋರು:
ಸರ್, ಫೋನ್ ಮಾಡೆಲ್ ನೋಡೋದು ಆಮೇಲೆ, ಮೊದಲು ಕೇಬಲ್ಲು, ನೆಟ್‌ವರ್ಕ್ ಸ್ವಿಚ್ಚು, ಯುಪಿಎಸ್ಸು ನೋಡಿ. ನಮ್ಮಲ್ಲಿ ಐಪಿ ಹಾಕಿದ ಮೇಲೆ ಬಂದ ಕಂಪ್ಲೇಂಟಲ್ಲಿ ಫೋನಿಂದಲೇ ಆಗಿದ್ದು ತೀರಾ ಕಮ್ಮಿ, ಮಿಕ್ಕಿದ್ದೆಲ್ಲಾ ಕೇಬಲ್ ತುದಿಯ ಸಡಿಲ ಕ್ರಿಂಪಿಂಗು, ಕರೆಂಟು, ರೂಟರ್ ಸೆಟ್ಟಿಂಗು. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿಂದಲೇ 48 ವೋಲ್ಟ್ ಬರ್ತಿತ್ತು, ಊರಿಗೆ ಊರೇ ಕತ್ತಲಾದ್ರೂ ಲ್ಯಾಂಡ್‌ಲೈನ್ ನಡೀತಿತ್ತು. ಈಗ ಹಾಗಿಲ್ಲ, ಕರೆಂಟ್ ಹೋದ್ರೆ ಐಪಿ ಫೋನೂ ಹೋಗತ್ತೆ. ಅದಕ್ಕೇ ಪಿಒಇ ಸ್ವಿಚ್ಚೇ ತಗೊಳ್ಳಿ, ನೆಟ್‌ವರ್ಕ್ ಕೇಬಲ್ಲಲ್ಲೇ ಫೋನಿಗೆ ಪವರ್ ಹೋಗತ್ತೆ, ಟೇಬಲ್ ಟೇಬಲ್ಲಿಗೆ ಅಡಾಪ್ಟರ್ ಬೇಡ, ಆ ಒಂದು ಸ್ವಿಚ್ಚು, ರೂಟರ್ರು, ಫೈಬರ್ ಡಬ್ಬ ಇಷ್ಟನ್ನ ಯುಪಿಎಸ್ ಮೇಲೆ ಹಾಕಿದ್ರೆ ಅಷ್ಟೂ ಫೋನ್ ಉಳಿಯತ್ತೆ. ಸ್ಟ್ಯಾಂಡರ್ಡ್ ಪಿಒಇಲಿ ಒಂದು ಪೋರ್ಟಿಗೆ 15.4 ವ್ಯಾಟ್ ತನಕ ಸಿಗತ್ತೆ, ಮಾಮೂಲಿ ಫೋನಿಗೆ ಅದರರ್ಧ ಕೂಡ ಬೇಡ. ಆದ್ರೆ ಡಬ್ಬದ ಮೇಲೆ 24 ಪೋರ್ಟ್ ಅಂತ ದಪ್ಪಕ್ಷರ ಇದ್ರೂ ಅಷ್ಟರಲ್ಲೂ ಪಿಒಇ ಇದೆಯಾ, ಒಟ್ಟು ಎಷ್ಟು ವ್ಯಾಟ್ ಕೊಡತ್ತೆ ಅನ್ನೋದನ್ನ ಕೇಳೇ ದುಡ್ಡು ಕೊಡಿ.

ಕಲರ್ ಸ್ಕ್ರೀನ್ ರಿಸೆಪ್ಷನ್‌ಗೆ ಒಂದು ಇದ್ರೆ ಸಾಕು, ಯಾರು ಕಾಲಲ್ಲಿದಾರೆ ಅಂತ ಲೈಟ್ ತೋರಿಸೋ ಕೀಗಳು ಅಲ್ಲಿ ನಿಜಕ್ಕೂ ಉಪಯೋಗಕ್ಕೆ ಬರತ್ತೆ. ಮಿಕ್ಕವರಿಗೆ ಸಾದಾ ಎರಡು ಲೈನಿನ ಫೋನ್ ಸಾಕು. ಯೀಲಿಂಕ್, ಗ್ರ್ಯಾಂಡ್‌ಸ್ಟ್ರೀಮ್, ಪಾಲಿ ಯಾವುದಾದ್ರೂ ಆಗ್ಲಿ, ಆದ್ರೆ ಎಲ್ಲಾ ಒಂದೇ ಕಂಪನಿದು, ಸಾಧ್ಯ ಆದ್ರೆ ಒಂದೇ ಮಾಡೆಲ್ ಇರ್ಲಿ. ಆಗ ಆಟೋ ಪ್ರೊವಿಷನಿಂಗ್ ಇಟ್ಕೊಂಡು ಫೋನಿನ ಮ್ಯಾಕ್ ನಂಬರ್ (ಒಂದೊಂದು ಫೋನಿಗೂ ಬೇರೆ ಬೇರೆ ಇರೋ ಗುರುತು) ಲಿಸ್ಟಲ್ಲಿ ಹಾಕಿ ಕೇಬಲ್ ಚುಚ್ಚಿದ್ರೆ ಅದೇ ಸೆಟ್ ಆಗತ್ತೆ, ಒಂದು ಕೆಟ್ರೆ ಬೀರುಲಿರೋ ಸ್ಪೇರ್ ತೆಗೆದು ಯಾರು ಬೇಕಾದ್ರೂ ಹಾಕ್ಬಹುದು. ಇನ್ನೊಂದು, ಟೇಬಲ್ಲಿಗೆ ಒಂದೇ ಕೇಬಲ್ ಇದ್ರೆ ಅದು ಫೋನಿಗೆ ಬಂದು ಫೋನಿಂದ ಕಂಪ್ಯೂಟರಿಗೆ ಹೋಗತ್ತೆ, ಫೋನಿನ ಪೋರ್ಟ್ 100 ಎಂಬಿಪಿಎಸ್‌ದಾದ್ರೆ ಕಂಪ್ಯೂಟರಿಗೂ ಅಷ್ಟೇ ಸ್ಪೀಡು. ದೊಡ್ಡ ಫೈಲ್ ಎಳೆಯೋರ ಟೇಬಲ್ಲಿಗೆ ಗಿಗಾಬಿಟ್ ಪೋರ್ಟಿನ ಫೋನ್ ಹಾಕಿ, ಸ್ಕ್ರೀನಿಗೆ ಕೊಡೋ ದುಡ್ಡು ಅಲ್ಲಿ ಕೊಡಿ.

ಇಂಟರ್‌ನೆಟ್ ಸ್ಪೀಡ್ ಬಗ್ಗೆ ಡೀಲರ್ ಹೆದರಿಸಿದ್ರೆ ಹೆದರ್ಬೇಡಿ, ಜಿ.711 ಅನ್ನೋ ಮಾಮೂಲಿ ಧ್ವನಿ ಫಾರ್ಮ್ಯಾಟಲ್ಲಿ ಒಂದು ಕಾಲಿಗೆ ಹೋಗೋಕೆ ಬರೋಕೆ ತಲಾ 90 ಕೆಬಿಪಿಎಸ್ ಹತ್ರ, 8 ಜನ ಒಟ್ಟಿಗೆ ಮಾತಾಡಿದ್ರೂ 1 ಎಂಬಿಪಿಎಸ್ ಆಗಲ್ಲ. ಧ್ವನಿ ಕಟ್ ಕಟ್ ಅನ್ನೋದು ಅದೇ ಹೊತ್ತಿಗೆ ಯಾರೋ ಬ್ಯಾಕಪ್ ಅಪ್‌ಲೋಡ್ ಹಾಕಿದಾಗ. ಫೋನಿಗೆ ಬೇರೆ ವಿಲ್ಯಾನ್ (ಅದೇ ನೆಟ್‌ವರ್ಕಲ್ಲಿ ಫೋನಿಗೇ ಅಂತ ಬೇರೆ ದಾರಿ) ಮಾಡಿಸಿ, ಸ್ವಿಚ್ಚು ರೂಟರ್ ಎರಡರಲ್ಲೂ ವಾಯ್ಸಿಗೆ ಮೊದಲ ಆದ್ಯತೆ ಕೊಡ್ಸಿ. ಈ ಕಡೆ ಕೇಳತ್ತೆ ಆ ಕಡೆ ಕೇಳಲ್ಲ ಅನ್ನೋ ತೊಂದ್ರೆ ಬಂದ್ರೆ ರೂಟರಲ್ಲಿ ಸಿಪ್ ಎಎಲ್‌ಜಿ ಅನ್ನೋದು (ಕಾಲಿನ ಡೇಟಾನ ರೂಟರೇ ತಿದ್ದೋ ಸೆಟ್ಟಿಂಗು) ಆನ್ ಇದೆಯಾ ಮೊದಲು ನೋಡಿ, ಬಹಳ ಸಲ ಅದನ್ನ ಆಫ್ ಮಾಡಿದ್ರೇ ಸರಿಹೋಗತ್ತೆ.

ಎಕ್ಸ್‌ಟೆನ್ಶನ್ ನಂಬರನ್ನ 1ರಿಂದ ಶುರು ಮಾಡ್ಬೇಡಿ, ಇದನ್ನ ಕೈ ಮುಗಿದು ಹೇಳ್ತೀನಿ. 100, 101, 108, 112 ಎಲ್ಲಾ ಅಲ್ಲೇ ಇವೆ, ಆಂಬುಲೆನ್ಸಿಗೆ ಅಂತ 108 ಒತ್ತಿದ್ರೆ ಅಕೌಂಟ್ಸ್ ಟೇಬಲ್ ರಿಂಗ್ ಆಗ್ಬಾರ್ದು. 2 ಅಥವಾ 3ರ ಸೀರೀಸ್ ಕೊಡಿ. ಆಮೇಲೆ 2021ರ ಜನವರಿಯಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ 0 ಸೇರ್ಸೇ ಒತ್ತಬೇಕಲ್ಲ, ಹೊರಗಿನ ಲೈನ್ ತಗೊಳ್ಳೋಕೂ 0 ಇಟ್ರೆ ಎರಡೆರಡು ಸೊನ್ನೆ ಆಗಿ ಜನ ಗೊಂದಲ ಮಾಡ್ಕೋತಾರೆ. 10 ಅಂಕಿ ಒತ್ತಿದ್ರೆ ಸಿಸ್ಟಮ್ಮೇ ಸೊನ್ನೆ ಸೇರಿಸೋ ಹಾಗೆ ಬರೆಸ್ಬಿಡಿ.

ಬೆಂಗಳೂರು, ಕಾಲ್ ಸೆಂಟರಲ್ಲಿ ಟ್ರೈನಿಂಗ್ ಕೊಡೋರು:
ನಾನು ಹೆಡ್‌ಸೆಟ್ ಬಗ್ಗೆ ಮಾತ್ರ ಹೇಳ್ತೀನಿ, ಯಾಕಂದ್ರೆ ಆ 8 ಜನರ ಕಿವಿ ವಿಷಯ ಇದು. ಇಡೀ ದಿನ ಮಾತಾಡೋರಿಗೆ ಬ್ಲೂಟೂತ್ ಬೇಡ. ಚಾರ್ಜ್ ಮುಗಿಯತ್ತೆ, ಡಾಂಗಲ್ ಕಳೆಯತ್ತೆ, ಅದೂ ಅಲ್ದೆ ಮಾಮೂಲಿ ಬ್ಲೂಟೂತ್ ಹೆಡ್‌ಫೋನಲ್ಲಿ ಮೈಕ್ ಆನ್ ಆದ ತಕ್ಷಣ ಬೇರೆ ಪ್ರೊಫೈಲಿಗೆ ಹೋಗಿ ಸೌಂಡ್ ಕ್ವಾಲಿಟಿ ಇಳಿದುಬಿಡತ್ತೆ. ಹಾಡು ಚೆನ್ನಾಗಿ ಕೇಳ್ತು ಅಂತ ಅಂಗಡೀಲಿ ತಗೊಂಡಿದ್ದು ಕಾಲಲ್ಲಿ ಡಬ್ಬದೊಳಗಿಂದ ಮಾತಾಡಿದಂಗೆ ಕೇಳೋದು ಇದಕ್ಕೇ. ವೈರಿಂದೇ ಕೊಡಿ, ಮೈಕ್ ಕಡ್ಡಿ ಬಾಯಿ ತನಕ ಬರೋ ಅಂಥದ್ದು.

ಕೊಟೇಶನಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಅಂತ ಇದ್ರೆ ಯಾವ ಕಡೆದು ಅಂತ ಕೇಳಿ. ಎಎನ್‌ಸಿ ಅಂದ್ರೆ ಹಾಕ್ಕೊಂಡೋರ ಕಿವಿಗೆ ಹೊರಗಿನ ಗಲಾಟೆ ಕಮ್ಮಿ ಮಾಡೋದು, ನಿಮ್ಮ ಗಿರಾಕಿಗೆ ಅದರಿಂದ ಏನೂ ಆಗಲ್ಲ. ಅವರಿಗೆ ಪಕ್ಕದ ಟೇಬಲ್ ಗಲಾಟೆ ಹೋಗ್ಬಾರ್ದು ಅಂದ್ರೆ ನಾಯ್ಸ್ ಕ್ಯಾನ್ಸಲಿಂಗ್ ಮೈಕ್ ಬೇಕು. ಆ ಮೈಕನ್ನೂ ತುಟಿಯ ಅಂಚಿಂದ ಎರಡು ಬೆರಳು ದೂರ, ಸ್ವಲ್ಪ ಪಕ್ಕಕ್ಕೆ ಇಟ್ರೆ ಮಾತ್ರ ಕೆಲಸ ಮಾಡತ್ತೆ, ಹುಡುಗ್ರು ಗದ್ದದ ಕೆಳಗೆ ಇಳಿಸ್ಕೊಂಡು ನನ್ನ ಮಾತು ಕೇಳ್ತಿಲ್ವಂತೆ ಅಂತ ಬರ್ತಾರೆ, ಮೊದಲ ದಿನವೇ ಹೇಳ್ಕೊಡಿ.

ಡೆಸ್ಕ್ ಫೋನಿಗೆ ಹಾಕೋದಾದ್ರೆ ಇನ್ನೊಂದು ಎಚ್ಚರ, ಫೋನಿಗೆ ಚುಚ್ಚೋ ಆರ್‌ಜೆ9 ಪಿನ್ನು ನೋಡೋಕೆ ಎಲ್ಲಾ ಒಂದೇ, ಒಳಗಿನ ವೈರಿಂಗ್ ಒಂದೊಂದು ಕಂಪನಿದು ಒಂದೊಂದು ಥರ. ಒಂದು ಫೋನಿಗೆ ಚೆನ್ನಾಗಿ ಆಗಿದ್ದು ಇನ್ನೊಂದರಲ್ಲಿ ಮೈಕೇ ಹೋಗಲ್ಲ. ಕ್ಯೂಡಿ ಕೇಬಲ್ (ಮಧ್ಯದಲ್ಲಿ ಬಿಚ್ಚಿ ಜೋಡಿಸೋ ಅಂಥದ್ದು) ಇರೋ ಹೆಡ್‌ಸೆಟ್ ತಗೊಂಡ್ರೆ ನಾಳೆ ಫೋನ್ ಬದಲಾದ್ರೂ ಕೆಳಗಿನ ಕೇಬಲ್ ಮಾತ್ರ ಬದಲಾಯಿಸ್ಕೋಬಹುದು. ಗಿರಾಕಿ ಜೊತೆ ಮಾತಾಡ್ತಾ ಗೋಡೌನ್ ಹುಡುಗರ ಮಾತೂ ಕೇಳಿಸ್ಕೋಬೇಕಿದ್ರೆ ಒಂದೇ ಕಿವಿದು, ಇಲ್ದಿದ್ರೆ ಎರಡು ಕಿವಿದು, ಯಾವುದು ಬೇಕು ಅಂತ ಅವರನ್ನೇ ಕೇಳಿ. ಎರಡು ಮಾಡೆಲ್ ತರಿಸಿ ಒಂದು ವಾರ ಅವರ ಕೈಗೆ ಕೊಡಿ. ಕಿವಿ ಮೇಲಿನ ಸ್ಪಂಜು ಬೆವರಿಗೆ ಪುಡಿ ಆಗತ್ತೆ, ಆ ಕುಶನ್ ಬಿಡಿಯಾಗಿ ಸಿಗತ್ತಾ ಅಂತ ನೋಡ್ದೆ ಆರ್ಡರ್ ಕೊಡ್ಬೇಡಿ. ಹೆಡ್‌ಸೆಟ್ ಮೇಲೆ ಒಬ್ಬೊಬ್ಬರ ಹೆಸರು ಬರೆದು ಅಂಟ್ಸಿ, ಶಿಫ್ಟಲ್ಲಿ ಕಿವಿಯಿಂದ ಕಿವಿಗೆ ಹಂಚೋದು ಬೇಡವೇ ಬೇಡ.

ಹುಬ್ಬಳ್ಳಿ, ಟ್ರಾನ್ಸ್‌ಪೋರ್ಟ್ ಆಫೀಸು:
ಮೊಬೈಲ್ ಆ್ಯಪ್ ಅಂದವ್ರಿಗೆ ಒಂದ ಮಾತು ಕೇಳ್ರಿ, ಹುಡುಗ ಕೆಲಸ ಬಿಟ್ಟು ಹ್ವಾದ್ರ ಗಿರಾಕಿ ನಂಬರ್ ಯಾರ ಕಡೆ ಉಳೀತಾವು? ಆಫೀಸ್ ನಂಬರ್ ಆಫೀಸಿನ್ಯಾಗ ಇರ್ಬೇಕ್ರಿ. ಹೊರಗ ಅಡ್ಡಾಡೋ ಸೇಲ್ಸ್ ಮಂದಿಗೆ ಆ್ಯಪ್ ಕೊಡ್ರಿ, ಅದೂ ಆಫೀಸ್ ಎಕ್ಸ್‌ಟೆನ್ಶನ್ ಮ್ಯಾಲೆ. ಬಿಎಸ್‌ಎನ್‌ಎಲ್ ಹಳೇ ನಂಬರ್ ಇದ್ರ ಬಿಡಬ್ಯಾಡ್ರಿ. ನಮ್ದು ಫೈಬರಿಗೆ ಬದಲಾದ್ರೂ ಅದ ನಂಬರ್ ಉಳದೈತಿ, ಫೈಬರ್ ಡಬ್ಬಿ ಹಿಂದ ಫೋನ್ ಪೋರ್ಟ್ ಐತಿ, ಅಲ್ಲಿಂದ ಗೇಟ್‌ವೇಗೆ, ಅಂದ್ರ ಆ ಲೈನ್ ಐಪಿ ಸಿಸ್ಟಮ್ಮಿಗೆ ಜೋಡಸೋ ಡಬ್ಬಿಗೆ, ತಗೊಂಡೀವಿ.

ಸಾಗರ, ಟೆಲಿಫೋನ್ ಲೈನ್ ಕೆಲಸ ಮಾಡೋರು:
ಮಳೆಗಾಲದಲ್ಲಿ ಕಾರ್ಡ್ ಹೋಗೋದು ಸಿಡಿಲಿಂದ, ತಾಮ್ರದ ಲೈನ್ ಹಿಡ್ಕೊಂಡೇ ಒಳಗೆ ಬರತ್ತೆ. ಯಾವುದಾದ್ರೂ ತಾಮ್ರದ ಲೈನ್ ಉಳಿಸ್ಕೊಳ್ಳೋದಾದ್ರೆ ಲೈನ್ ಬಂದು ಸೇರೋ ಕ್ರೋನ್ ಬಾಕ್ಸಲ್ಲಿ ಸರ್ಜ್ ಪ್ರೊಟೆಕ್ಷನ್ ಹಾಕ್ಸಿ, ಅದಕ್ಕೆ ಸರಿಯಾದ ಅರ್ಥಿಂಗ್ ಇರ್ಲಿ, ಅರ್ಥಿಂಗ್ ಇಲ್ದೆ ಅದು ಹಾಕಿದ್ದೂ ದಂಡ. ಗೋಡೌನಿಗೆ ಹೊರಗಡೆಯಿಂದ ನೆಟ್‌ವರ್ಕ್ ಕೇಬಲ್ ಎಳೀಬೇಡಿ, ಅದೂ ತಾಮ್ರವೇ, ಫೈಬರ್ ಎಳೀರಿ.

ಮತ್ತೆ ಹೊಸ ಸಿಸ್ಟಮ್ ಬಂದ ದಿನವೇ ಎಲ್ಲಾ ಪಾಸ್‌ವರ್ಡ್ ಬದಲಾಯಿಸಿ, ಫೋನಿಂದೂ ಸೇರಿ. ಅಡ್ಮಿನ್ ಅಡ್ಮಿನ್ ಅಂತಲೇ ಬಿಟ್ಟು, ಐಪಿ ಕಾಲ್ ಬರೋ 5060 ನಂಬರಿನ ಪೋರ್ಟನ್ನ ಇಂಟರ್‌ನೆಟ್ಟಿಗೆ ತೆರೆದಿಟ್ರೆ ರಾತ್ರಿ ಹೊತ್ತಲ್ಲಿ ಯಾರೋ ಒಳಗೆ ಬಂದು ಐಎಸ್‌ಡಿ ಕಾಲ್ ಮಾಡ್ತಾರೆ, ಬಿಲ್ ನಿಮಗೆ. ಐಎಸ್‌ಡಿ ಬೇಡ ಅಂದ್ರೆ ಆಪರೇಟರ್ ಕಡೆಯಿಂದಲೇ ಲಾಕ್ ಮಾಡ್ಸಿ.

ದಾವಣಗೆರೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊಟೇಶನ್ ವಾಪಸ್ ಕಳಿಸ್ತೀನಿ, ಪಿಒಇ ಸ್ವಿಚ್ಚು, ವೈರ್ ಹೆಡ್‌ಸೆಟ್ ಸೇರ್ಸಿ ಹೊಸದು ಕೇಳ್ತೀನಿ. ಇನ್ನೊಂದೇ ಪ್ರಶ್ನೆ, ಗೋಡೌನಲ್ಲಿ ಓಡಾಡ್ತಾ ಮಾತಾಡೋಕೆ ಕಾರ್ಡ್‌ಲೆಸ್ ಬೇಕು. ನಮ್ಮ ಭಾವ ಅಮೆರಿಕದಿಂದ ಡೆಕ್ಟ್ 6.0 ಅಂತ ಬರೆದಿರೋ ಕಾರ್ಡ್‌ಲೆಸ್ ಸೆಟ್ ತಂದಿದಾರೆ, ಹಾಕ್ಬಹುದಾ?

ಶಿವಮೊಗ್ಗ, ಆಸ್ಪತ್ರೆ ಐಟಿ:
ದಯವಿಟ್ಟು ಬೇಡ ಸರ್. ಅಮೆರಿಕದ ಡೆಕ್ಟ್ 6.0 ಓಡೋದು 1920ರಿಂದ 1930 ಮೆಗಾಹರ್ಟ್ಸಲ್ಲಿ, ನಮ್ಮ ದೇಶದಲ್ಲಿ ಆ ತರಂಗಾಂತರ ಮೊಬೈಲ್ ಕಂಪನಿಗಳದ್ದು, ಹತ್ತಿರದ ಟವರಿಗೆ ತೊಂದ್ರೆ ಆಗತ್ತೆ, ಇಲ್ಲಿ ಅದನ್ನ ಬಳಸೋ ಹಾಗಿಲ್ಲ. 1880ರಿಂದ 1900 ಮೆಗಾಹರ್ಟ್ಸಿನ ಡೆಕ್ಟ್ ನೋಡಿ, ಐಪಿ ಬೇಸ್ ಇರೋದು ತಗೊಂಡ್ರೆ ಅದೂ ನಿಮ್ಮ ಸಿಸ್ಟಮ್ಮಿನ ಎಕ್ಸ್‌ಟೆನ್ಶನ್ನೇ ಆಗತ್ತೆ. ಬೇಸನ್ನ ಆಫೀಸಲ್ಲಿ ಇಡ್ಬೇಡಿ, ಗೋಡೌನ್ ಒಳಗೇ ಎತ್ತರದಲ್ಲಿ ಇಡಿ, ಕಬ್ಬಿಣದ ರ‍್ಯಾಕು, ತಗಡು ಎರಡೂ ಸಿಗ್ನಲ್ ತಡೀತವೆ. ಉದ್ದ ಅಗಲ ಎಷ್ಟು, ರ‍್ಯಾಕ್ ಹೇಗೆ ನಿಲ್ಸಿದೀರ ಹೇಳಿ, ಒಂದು ಬೇಸ್ ಸಾಕಾ ಎರಡು ಬೇಕಾ ನೋಡೋಣ.