ಅಡಿಕೆ ಸುಲಿಯುವ ಬ್ಲೇಡ್: ಚಿನ್ನದ ಬಣ್ಣದ ಕೋಟಿಂಗ್ ಹಾಗೇ ಇದೆ, ಅಡಿಯಲ್ಲಿ ತುಕ್ಕು

ಆಗುಂಬೆ ದಾರಿ:
ನಮಸ್ಕಾರ. ಸುಲಿಯುವ ಮಷಿನ್ ಬ್ಲೇಡ್‌ಗಳಿಗೆ ಹೋದ ವರ್ಷ ಟೈಟೇನಿಯಂ ನೈಟ್ರೈಡ್ ಕೋಟಿಂಗ್ ಮಾಡಿಸಿದೆ. ಹರಿತ ಚೆನ್ನಾಗಿ ನಿಂತಿತು. ಕೊನೆ ಕೊಯ್ಲು ಮುಗಿದ ಮೇಲೆ ಒರೆಸಿ, ಗೋಣಿಯಲ್ಲಿ ಸುತ್ತಿಟ್ಟೆ. ಮಳೆಗಾಲ ಕಳೆದು ಬಿಚ್ಚಿದರೆ ಸಾಸಿವೆಯಷ್ಟು ಕಂದು ಚುಕ್ಕೆಗಳು. ಕೆರೆದರೆ ಒಳಗೆ ಗುಂಡಿ. ಕೋಟಿಂಗ್ ಇಲ್ಲದ ಹಳೆ ಬ್ಲೇಡಿಗೆ ಮೇಲೆ ಮೇಲೆ ತುಕ್ಕು, ಗುಂಡಿ ಇಲ್ಲ. ನನಗೆ ಕೊಟ್ಟಿದ್ದು ನಕಲಿ ಕೋಟಿಂಗಾ?

ಶಿವಮೊಗ್ಗ ಟೂಲ್‌ರೂಮ್:
ನಕಲಿ ಅನ್ನಿಸುತ್ತಿಲ್ಲ ಸರ್. ಹರಿತ ನಿಂತಿದೆಯಲ್ಲ. ಗಟ್ಟಿತನ ಬೇರೆ, ತುಕ್ಕು ತಡೆಯುವುದು ಬೇರೆ.

ಈ ಕೋಟಿಂಗಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದರ ದಪ್ಪ ಸಾಮಾನ್ಯವಾಗಿ 2ರಿಂದ 4 ಮೈಕ್ರಾನ್. ಒತ್ತೊತ್ತಾಗಿ ನಿಲ್ಲಿಸಿದ ಕಡ್ಡಿಗಳ ಹಾಗೆ ಬೆಳೆಯುತ್ತದೆ, ನಡುವೆ ಸಂದು ಉಳಿಯುತ್ತದೆ. ಧೂಳು ಕೂತಿದ್ದ ಕಡೆ ಸೂಜಿಮೊನೆಯಷ್ಟು ತೂತೂ ಇರುತ್ತದೆ. ಅಲ್ಲಿಂದ ನೀರು, ಅಡಿಕೆಯ ಚೊಗರು ರಸ ಉಕ್ಕಿಗೆ ಇಳಿಯುತ್ತವೆ. ಕೋಟಿಂಗಲ್ಲಿ ಕರೆಂಟ್ ಹರಿಯುತ್ತದೆ, ಹಾಗಾಗಿ ಅದೂ ಉಕ್ಕೂ ಸೇರಿ ಬ್ಯಾಟರಿಯಂತಾಗುತ್ತವೆ. ಅದರಲ್ಲಿ ಸವೆಯುವುದು ಉಕ್ಕು. ಇಡೀ ಬ್ಲೇಡಿಗೆ ಹಂಚಿಹೋಗಬೇಕಿದ್ದ ಸವೆತ ಆ ಒಂದೇ ತೂತಿನಲ್ಲಿ ಆಗುತ್ತದೆ. ಅದಕ್ಕೇ ಗುಂಡಿ. ತಗಡಿನ ಸತುವಿನ ಲೇಪ ಇದಕ್ಕೆ ಉಲ್ಟಾ: ಗೀರು ಬಿದ್ದರೆ ತಾನು ಸವೆದು ಉಕ್ಕನ್ನು ಉಳಿಸುತ್ತದೆ.

ನೀವೇ ನೋಡಬಹುದು. ತೋಟಕ್ಕೆ ಹೊಡೆಯುವ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕಾಯಿತಾ ಅಂತ ಕತ್ತಿ ಅದ್ದುತ್ತೀರಲ್ವಾ? ಅದೇ ಉಪಾಯ. ಚುಕ್ಕೆ ಇಲ್ಲದ ಜಾಗವನ್ನು ಸೋಪಿನಲ್ಲಿ ಜಿಡ್ಡು ಹೋಗುವಂತೆ ತೊಳೆಯಿರಿ. ಒಂದು ಲೋಟ ನೀರಿಗೆ ಒಂದು ಚಮಚ ಮೈಲುತುತ್ತು ಕರಗಿಸಿ, ಸುಣ್ಣ ಬೇಡ, ಪ್ಲಾಸ್ಟಿಕ್ ಪಾತ್ರೆಯೇ ಇರಲಿ. ಎರಡು ಹನಿ ಬಿಟ್ಟು ಒಂದೆರಡು ನಿಮಿಷ ಕಾಯಿರಿ. ಉಕ್ಕು ಕಂಡ ಕಡೆ ಮೈಲುತುತ್ತಿನ ತಾಮ್ರ ಕೆಂಪಗೆ ಕೂರುತ್ತದೆ. ಕೆಟ್ಟ ಬ್ಲೇಡಿನಲ್ಲೇ ಮಾಡಿ, ತಾಮ್ರ ಉಳಿದರೆ ತುಕ್ಕು ಇನ್ನೂ ಜಾಸ್ತಿ.

ಆಗುಂಬೆ ದಾರಿ:
ಮಾಡಿದೆ. ಕಣ್ಣಿಗೆ ಚೊಕ್ಕವಾಗಿದ್ದ ಜಾಗದಲ್ಲೂ ಕೆಂಪು ಚುಕ್ಕೆ ಎದ್ದವು! ಗ್ರೈಂಡಿಂಗ್ ಗೀರುಗಳ ಉದ್ದಕ್ಕೂ ಸಾಲಾಗಿ, ಬಾಯಿಯ ಹತ್ತಿರ ಜಾಸ್ತಿ.

ಶಿವಮೊಗ್ಗ ಟೂಲ್‌ರೂಮ್:
ಹಾಗಾದರೆ ಬ್ಲೇಡನ್ನು ಒರಟಾಗಿ ಗ್ರೈಂಡ್ ಮಾಡಿದ ಹಾಗೆಯೇ ಕೋಟಿಂಗಿಗೆ ಕಳಿಸಿದ್ದಾರೆ. ಮುಂದಿನ ಸಲ ಪಾಲಿಶ್ ಮಾಡಿಸಿ, ಗ್ರೈಂಡಿಂಗಿನಲ್ಲಿ ಬಾಯಿಯ ಅಂಚಿಗೆ ಎದ್ದ ಮುಳ್ಳು ತೆಗೆಸಿ, ಆಮೇಲೆ ಕೊಡಿ. ಕ್ರೋಮಿಯಂ ನೈಟ್ರೈಡ್ ಸಿಕ್ಕರೆ ಅದನ್ನೇ ಕೇಳಿ. ತುಕ್ಕಿನ ವಿಷಯದಲ್ಲಿ ಸಾಮಾನ್ಯವಾಗಿ ಅದು ವಾಸಿ, ದಪ್ಪವಾಗಿಯೂ ಕೂರಿಸಬಹುದು. ಗುಂಡಿ ಬಿದ್ದ ಬ್ಲೇಡಿನ ಮೇಲೇ ಮತ್ತೆ ಕೋಟಿಂಗ್ ಹಾಕಿಸಬೇಡಿ. ಹಳೇದನ್ನು ತೆಗೆಸಿ, ಗುಂಡಿ ಹೋಗುವಷ್ಟು ಉಜ್ಜಿಸಲೇಬೇಕು.

ಸಾಗರದ ತೋಟ:
ಗೋಣಿ ಬಿಟ್ಟುಬಿಡಿ ಅಣ್ಣ, ಮಳೆಗಾಲದ ಥಂಡಿಯನ್ನೆಲ್ಲ ಹೀರಿ ಬ್ಲೇಡಿಗೇ ಒತ್ತಿ ಹಿಡಿಯುತ್ತದೆ. ಸುಮ್ನೆ ಒರೆಸಿದರೆ ಚೊಗರು ಹೋಗುವುದಿಲ್ಲ. ನಾವು ಬಿಸಿನೀರಲ್ಲಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಸವರಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ಆಷಾಢದಲ್ಲಿ ಒಮ್ಮೆ ತೆಗೆದು ಮತ್ತೆ ಎಣ್ಣೆ.